ಹದಿನಾರನೆಯ ಅಡ್ಡಹೆಸರು

ರೈಲು ನಿಲ್ದಾಣದ ಗೇಟು ದಾಟಲು ಆರು ವರ್ಷದ ಇಂಚರಾ ತನ್ನ ಹದಿನಾರು ಅಡ್ಡಹೆಸರುಗಳನ್ನೂ ಒಪ್ಪಿಸಬೇಕಿತ್ತು. ಪ್ರತಿ ಮದುವೆಯಲ್ಲೂ ಎರಡು ಮನೆತನಗಳ ಹೆಸರು ಕೂಡುತ್ತಿದ್ದವು, ಒಂದನ್ನೂ ಕಳಚುವಂತಿರಲಿಲ್ಲ. ಗಂಡನ ಹೊಡೆತ ತಾಳದೆ ಮಗಳೊಂದಿಗೆ ಹೊರಟಿದ್ದ ರೇವತಿ ಪಕ್ಕದಲ್ಲಿ ನಿಂತು ಬೆರಳು ಮಡಚಿ ಎಣಿಸುತ್ತಿದ್ದಳು.

"ಬೆಲ್ಲದ-ಗಾಣಿಗೇರ-ಸವಣೂರ..." ಹದಿನೈದಕ್ಕೆ ಹುಡುಗಿ ನಿಂತಳು.

"ಇನ್ನೊಂದು ಉಳೀತಲ್ಲ, ಪುಟ್ಟಿ," ಎಂದ ಗೇಟಿನವನು.

"ಅದು ಅಪ್ಪನ್ನ ಎಲ್ಲಾರೂ ಕರಿಯೋ ಹೆಸರು. ನಾ ಅನ್ನಂಗಿಲ್ಲ."

ರೈಲು ಕೂಗಿತು. ರೇವತಿ ಮೊಣಕಾಲೂರಿ ಮಗಳ ಕೆನ್ನೆ ಹಿಡಿದಳು. "ಒಂದ ಸಲ ಅನ್ನು, ಬಂಗಾರಾ. ಮುಗಳಿ ಅನ್ನು."

ಇಂಚರಾ ಕಣ್ಣು ಮುಚ್ಚಿ ಅಂದಳು. ಗೇಟು ತೆರೆಯಿತು. ಇಬ್ಬರೂ ಓಡಿ ಹತ್ತಿದರು.

"ಅವ್ವಾ, ಇಳಿಯೋವಾಗೂ ಅನ್ನಬೇಕೇನ?"

"ಹೂಂ."

"ದೊಡ್ಡಾಕಿ ಆದಮ್ಯಾಲೂ?"

ಇವಳ ಮಕ್ಕಳೂ ಅನ್ನಬೇಕಾಗುತ್ತದೆ ಎಂದುಕೊಳ್ಳುತ್ತ ರೇವತಿ ಮಗಳನ್ನು ಎದೆಗೊತ್ತಿಕೊಂಡಳು.