ಹಿತ್ತಲಿನ ಮಳೆ

ಮಳೆ ಯಾವ ಕಡೆಯಿಂದ ಶುರುವಾಗಬೇಕು? ಚಂದ್ರನ ನೆಲದಡಿಯ ಊರಿನಲ್ಲಿ ಮನೆಮನೆಗೂ ಮಳೆಯ ಸದ್ದು ಕೇಳಿಸುವ ಮಳೆಕೋಣೆ ಕಟ್ಟಿಕೊಡುವ ಬಸವಂತನಿಗೆ ಇವತ್ತು ಅದೇ ಅನುಮಾನ. ಎಂಟು ಸ್ಪೀಕರುಗಳನ್ನೂ ಚಾವಣಿಗೇ ಬಿಗಿದಿದ್ದ.

ಕೋಣೆ ಕಟ್ಟಿಸಿದ, ಭೂಮಿಯಲ್ಲಿ ಹುಟ್ಟಿದ ಗೌರಜ್ಜಿ ಆ ಸದ್ದು ಕೇಳಿ ನಕ್ಕಳು. "ಇದೇನೋ, ನನ್ನನ್ನ ಶವರ್ ಕೆಳಗೆ ಕೂರಿಸಿದ್ದೀಯಾ? ಮಳೆ ಮೊದಲು ದೂರದ ಹೆಂಚಿನ ಮೇಲೆ ಬರುತ್ತೆ, ಆಮೇಲೆ ನಮ್ಮ ಹಿತ್ತಲಿಗೆ."

ಅವನು ನಾಲ್ಕನ್ನು ಇಳಿಸಿ, ಅವಳ ಬೆನ್ನ ಹಿಂದೆ ದೂರದಿಂದ ಹತ್ತಿರಕ್ಕೆ ಸಾಲಾಗಿ ಇಟ್ಟ. ಸದ್ದು ಸಮೀಪಿಸುತ್ತಿದ್ದಂತೆ ಅಜ್ಜಿ ದಡಕ್ಕನೆ ಎದ್ದು ಸೆರಗು ಸಿಕ್ಕಿಸಿದಳು.

"ನಿಂತೇ ಇದ್ದೀಯಲ್ಲೋ, ಸಂಡಿಗೆ ಎತ್ತು!"

ಇಷ್ಟು ವರ್ಷಗಳಲ್ಲಿ ಇಂಥ ಶಹಬ್ಬಾಸ್‌ಗಿರಿ ಅವನಿಗೆ ಸಿಕ್ಕಿರಲಿಲ್ಲ. ಎದೆಯುಬ್ಬಿಸಿಕೊಂಡು, ಇಲ್ಲದ ಸಂಡಿಗೆಯನ್ನು ಅವಳ ಜೊತೆ ಒಳಗೆ ತಂದ. ತಾನು ಒಮ್ಮೆಯೂ ಮಳೆ ಕಂಡವನಲ್ಲ ಎಂದು ಮಾತ್ರ ಅವಳಿಗೆ ಕೊನೆಗೂ ಹೇಳಲಿಲ್ಲ.