ನಲವತ್ತೊಂದನೇ ನಿಮಿಷ

"ಇದೇನಿದು?" ಎಂದರು ಲೆಕ್ಚರರು, ರಿಮೋಟನ್ನು ಟೀವಿಯತ್ತ ಚಾಚಿದಂತೆಯೇ. ಹಾಲ್‌ನ ಟೀವಿಯಲ್ಲಿ ಆ ದಿನದ ಕ್ವಿಜ್ ಶುರುವಾಗುವ ಬದಲು ಎರಡು ಸಾಲು ಬಂದು ನಿಂತಿದ್ದವು: 'ಹೊಲಿಗೆ ಕೋಣೆಯಲ್ಲಿ 41ನೇ ನಿಮಿಷಕ್ಕೆ ನಿಲ್ಲಿಸಲಾಗಿದೆ. ಅಲ್ಲಿಂದಲೇ ಮುಂದುವರಿಸಬೇಕೆ, ಮೊದಲಿನಿಂದ ನೋಡಬೇಕೆ?'

ಹೊಲಿಗೆ ಕೋಣೆಯ ಯಜಮಾನ, ಅಂದರೆ ಲೆಕ್ಚರರ ತಂಗಿಯ ಗಂಡ, ಕುತ್ತಿಗೆಗೆ ಟೇಪು ಹಾಕಿಕೊಂಡೇ ಸೋಫಾದ ತುದಿಯಲ್ಲಿ ಕೂತಿದ್ದ. ಟೈಲರ್ ಎಂದೇ ಬೀದಿಗೆಲ್ಲ ಪರಿಚಿತ. ಆ ಎರಡು ಸಾಲು ಓದಿದ್ದೇ ಅವನ ಕೈ ತಾನಾಗಿ ಟೇಪನ್ನು ಸುತ್ತತೊಡಗಿತು.

ಕ್ವಿಜ್ ಬರುವುದು ಮಧ್ಯಾಹ್ನ ಮೂರಕ್ಕೆ. ಆಗ ಲೆಕ್ಚರರು ಕಾಲೇಜಿನಲ್ಲಿ, ತಂಗಿ ಆಸ್ಪತ್ರೆಯ ಲ್ಯಾಬಿನಲ್ಲಿ. ಹಾಲ್‌ನಲ್ಲಿದ್ದ ಪೆಟ್ಟಿಗೆ ಅದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಿತ್ತು. ಸಂಜೆ ಏಳಕ್ಕೆ ಲೆಕ್ಚರರು ತಂಗಿಯ ಮನೆಗೆ ಬಂದ ಮೇಲೆ ಮೂವರೂ ಕೂತು ನೋಡುತ್ತಿದ್ದರು. ಮೂರು ತಿಂಗಳಿಂದ ಟೈಲರ್ ಹತ್ತರಲ್ಲಿ ಏಳೆಂಟು ಪ್ರಶ್ನೆಗಳಿಗೆ ಥಟ್ಟನೆ ಉತ್ತರ ಹೇಳಿಬಿಡುತ್ತಿದ್ದ. ಅವನು ತಪ್ಪಿದ ಎರಡು ಮೂರನ್ನು ಲೆಕ್ಚರರು ಹೇಳಿ, ಅದರ ಮೇಲೊಂದು ಪಾಠವನ್ನೂ ಮಾಡುತ್ತಿದ್ದರು. ನಾಲ್ಕಕ್ಕೇ ಓದು ಬಿಟ್ಟ ಅವನನ್ನು ಹದಿನೈದು ವರ್ಷ 'ನಾಲ್ಕನೇ ಕ್ಲಾಸು' ಎಂದೇ ಕರೆದ ಆ ದೊಡ್ಡಮನುಷ್ಯರು ಈಚೆಗೆ 'ಬನ್ನಿ, ಕೂತ್ಕೊಳ್ಳಿ' ಎನ್ನುವಷ್ಟು ಇಳಿದುಬಂದಿದ್ದರು. ಟೈಲರ್‌ಗೆ ಬೇಕಾಗಿದ್ದದ್ದೂ ಅಷ್ಟೇ.

"ಓಹೋ! ಮಧ್ಯಾಹ್ನವೇ ಒಳಗಡೆ ಕೂತು ನೋಡ್ಕೊಂಡು, ಸಂಜೆ ಇಲ್ಲಿ ಬಂದು ಪಂಡಿತನ ವೇಷ ಹಾಕ್ತಿದ್ದೆ!" ಲೆಕ್ಚರರು ತೊಡೆ ತಟ್ಟಿಕೊಂಡು ನಕ್ಕರು. "ಇದು ಪೇಪರ್ ಲೀಕ್ ಕಣಯ್ಯಾ. ನಮ್ಮ ಕಾಲೇಜಲ್ಲಾಗಿದ್ರೆ ಡಿಬಾರ್ ಮಾಡ್ತಿದ್ದೆ. ನಾಲ್ಕನೇ ಕ್ಲಾಸು ಯಾವತ್ತಿದ್ರೂ ನಾಲ್ಕನೇ ಕ್ಲಾಸೇ."

"ಹೌದು ಭಾವ, ನೋಡಿದೀನಿ," ಎಂದ ಟೈಲರ್. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಭಾವನ ಮಾತು ಅವನಿಗೆ ಹೊಸದಲ್ಲ. ಹೆಂಡತಿಗೆ ಕೇಳುವಂತೆಯೇ ಹೀಗಾಯಿತಲ್ಲ ಎಂದು ಅಡುಗೆಮನೆಯ ಬಾಗಿಲತ್ತ ನೋಡಿದ.

ಒದ್ದೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದ ಹೆಂಡತಿಗೆ ಸಿಟ್ಟು ಬಂದದ್ದು ತನ್ನ ಮೇಲೆಯೇ. ಹಾಲ್‌ನ ಪೆಟ್ಟಿಗೆಯಿಂದ ಹೊಲಿಗೆ ಕೋಣೆಯ ಟೀವಿಗೆ ತಂತಿ ಎಳೆಸಿದವಳು ಅವಳು. ಲ್ಯಾಬಿನಲ್ಲಿ ಸೀಸೆ ಸೀಸೆಗೂ ಚೀಟಿ ಅಂಟಿಸಿ ರೂಢಿಯಾದವಳು. ಟೀವಿಗಳಿಗೂ ಒಂದೊಂದು ಹೆಸರು ಕೊಟ್ಟು ಕೂತಿದ್ದಳು. ಹತ್ತನೇ ಪ್ರಶ್ನೆ ಮುಗಿದದ್ದೇ ಗಂಡ ಟೀವಿ ಆರಿಸಿ ಮಷೀನಿಗೆ ಮರಳುತ್ತಾನೆ, ಕೊನೆಯ ಚಪ್ಪಾಳೆಗೂ ಕಾಯುವುದಿಲ್ಲ ಎನ್ನುವುದು ಟೀವಿಯ ಮೇಲಿನ ಇಂಥ ಸಾಲುಗಳಿಂದಲೇ ಅವಳಿಗೆ ಮೂರು ತಿಂಗಳ ಹಿಂದೆ ತಿಳಿದಿತ್ತು. ಅಂದಿನಿಂದ ಅಣ್ಣ ಬರುವ ಮುಂಚೆ ತಾನೇ 'ಮೊದಲಿನಿಂದ' ಒತ್ತಿ ತಯಾರಾಗಿಡುತ್ತಿದ್ದಳು. ಇವತ್ತು ಅಣ್ಣ ಹತ್ತು ನಿಮಿಷ ಮುಂಚೆಯೇ ವಕ್ಕರಿಸಿದ್ದ.

"ಇಲ್ಲಿ ಕೊಡಣ್ಣ ರಿಮೋಟು." ಅವಳು ರೆಕಾರ್ಡ್ ಆದ ಕ್ವಿಜ್‌ಗಳ ಪಟ್ಟಿಯನ್ನು ಸರಸರನೆ ಕೆಳಗೆ, ಕಟ್ಟಕಡೆಗೆ ಇಳಿಸಿದಳು. "ಇದು ಮೊದಲನೇ ವಾರದ್ದು. ನೀನೂ ಇದೇ ಕುರ್ಚೀಲಿ ಕೂತು ಪೂರ್ತಿ ನೋಡಿದ್ದೀಯ. ಲೀಕ್ ಅಂದ್ಯಲ್ಲ? ಈ ಪೇಪರ್ ಇಬ್ಬರಿಗೂ ಲೀಕ್ ಆಗಿದೆ. ನಡೀಲಿ ಪರೀಕ್ಷೆ."

"ನಿಂಗೆ ಗೊತ್ತಿತ್ತಾ?" ಟೈಲರ್ ಮೆಲ್ಲಗೆ ಕೇಳಿದ.

"ಗೊತ್ತಿಲ್ದೆ ಏನು? ಅಳತೆ ಪುಸ್ತಕದ ಹಿಂದಿನ ಹಾಳೆಗಳನ್ನೂ ಓದಿದೀನಿ. ನೀವು ಧೈರ್ಯವಾಗಿ ಹೇಳ್ರೀ."

ಅಳತೆ ಪುಸ್ತಕದ ಮುಂದಿನ ಹಾಳೆಗಳಲ್ಲಿ ಗಿರಾಕಿಗಳ ಸೊಂಟ, ತೋಳು, ಎದೆ. ಹಿಂದಿನಿಂದ ತೆರೆದರೆ ದಿನಕ್ಕೆ ಹತ್ತರಂತೆ ಉತ್ತರಗಳು. ಮಷೀನು ತುಳಿಯುತ್ತ ಅವನು ಅವನ್ನೇ ಬಾಯಿಪಾಠ ಮಾಡುತ್ತಿದ್ದ. ಇದನ್ನು ಹೆಂಡತಿ ಓದಿದ್ದಾಳೆ ಎಂದು ತಿಳಿದದ್ದೇ ಅವನ ಬೆನ್ನು ನೆಟ್ಟಗಾಯಿತು.

"ಅದಕ್ಕೇನಂತೆ, ಹಾಕು!" ಎಂದು ಲೆಕ್ಚರರು ಕನ್ನಡಕ ಏರಿಸಿಕೊಂಡರು.

ಆಕ್ಟೋಪಸ್‌ಗೆ ಎಷ್ಟು ಹೃದಯ? "ಎರಡು," ಎಂದರು ಲೆಕ್ಚರರು. "ಮೂರು ಭಾವ," ಎಂದ ಟೈಲರ್. ಯಾವ ಗ್ರಹದಲ್ಲಿ ಒಂದು ವರ್ಷಕ್ಕಿಂತ ಒಂದು ದಿನವೇ ಉದ್ದ? "ಶುಕ್ರ," ಎಂದ ಟೈಲರ್. "ಅದನ್ನೇ ಹೇಳೋದ್ರಲ್ಲಿದ್ದೆ," ಎಂದರು ಲೆಕ್ಚರರು. ಆರನೇ ಪ್ರಶ್ನೆ ಮುಗಿಯುವ ಹೊತ್ತಿಗೆ ಟೈಲರ್‌ಗೆ ಆರೂ ಸರಿ, ಲೆಕ್ಚರರಿಗೆ ಒಂದು. ಕನ್ನಡಕದಲ್ಲಿ ಧೂಳೇ ಇಲ್ಲದಿದ್ದರೂ ಅವರು ಅದನ್ನು ಎರಡು ಸಲ ಒರೆಸಿದ್ದರು.

ಏಳನೆಯದು ಬಂತು: ಚರಿತ್ರೆಯಲ್ಲೇ ಅತಿ ಚಿಕ್ಕ ಯುದ್ಧ ಎಷ್ಟು ಹೊತ್ತು ನಡೆಯಿತು? ನಾಲ್ಕು ಆಯ್ಕೆಗಳೂ ಪರದೆಗೆ ಬಂದವು. ಟೈಲರ್ ಭಾವನತ್ತ ತಿರುಗಿ ಕೂತ.

"ಯಾಕೆ, ಸುಮ್ಮನಾದೆ?" ಚರಿತ್ರೆಯ ಲೆಕ್ಚರರಿಗೆ ಹೋದ ಜೀವ ಬಂದಂತಾಯಿತು. "ಇದು ಪುಸ್ತಕದಲ್ಲಿ ಬರ್ಕೊಂಡಿಲ್ವೋ?"

"ಬರ್ಕೊಂಡಿದೀನಿ ಭಾವ. ಅವತ್ತೂ ಗೊತ್ತಿತ್ತು. ನಿಮ್ಮ ಸಬ್ಜೆಕ್ಟು ಅಂತ ಬೇಕಂತಲೇ ತಪ್ಪು ಹೇಳಿ ನಿಮಗೆ ಬಿಟ್ಟೆ. ದಿನಾ ಎರಡು ಮೂರು ಹಾಗೆ ಬಿಡ್ತೀನಿ. ಇದಕ್ಕೆ ನೀವು ಸರಿಯಾಗೇ ಹೇಳಿ, ಕಾಲು ಗಂಟೆ ವಿವರಿಸಿದ್ರಿ."

ನಿರೂಪಕ ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ರಿಮೋಟ್ ಒತ್ತಿ ಅವನನ್ನು ಹಾಗೆಯೇ ನಿಲ್ಲಿಸಿದಳು. ಲೆಕ್ಚರರು ನಾಲ್ಕು ಆಯ್ಕೆಗಳನ್ನೂ ಮೇಲಿನಿಂದ ಕೆಳಗೆ ಓದಿದರು. ಮತ್ತೆ ಕೆಳಗಿನಿಂದ ಮೇಲಕ್ಕೆ ಓದಿದರು.

"ಅವಸರ ಇಲ್ಲ ಭಾವ," ಎಂದ ಟೈಲರ್, ಟೇಪನ್ನು ಮತ್ತೆ ಕುತ್ತಿಗೆಗೆ ಹಾಕಿಕೊಳ್ಳುತ್ತ. "ನೀವು ಮಾಡಿದ ಪಾಠ ನನಗೆ ನೆನಪಿದೆ. ನೀವೂ ನೆನಪು ಮಾಡ್ಕೊಳ್ಳಿ."