ಒಂಟಿ ಕಾಲಿನ ಅಂಗಡಿ

ಚಪ್ಪಲಿ ಕಿತ್ತುಹೋಗಿ ಒಂದು ಕಾಲೆಳೆದುಕೊಂಡು ಬರುತ್ತಿದ್ದ ಹೆಂಗಸನ್ನು ಕಂಡು, ತನ್ನ ಅಂಗಡಿಗೇ ಬರುತ್ತಾಳೆಂದು ಅಕ್ಕ ಸ್ಟೂಲು ಒರೆಸಿ ಮುಂದಿಟ್ಟಳು. ಹೆಂಗಸು ಎದುರು ಸಾಲಿಗೆ ತಿರುಗಿ, ತಂಗಿಯ ಹೊಸ ಅಂಗಡಿಯ ಗಾಜಿನ ಬಾಗಿಲು ತಳ್ಳಿ ಒಳಹೋದಳು.

ಅಕ್ಕನದು ಅಪ್ಪನ ಕಾಲದ ಚಪ್ಪಲಿ ಅಂಗಡಿ. ನೆಲದಿಂದ ಸೂರಿನವರೆಗೂ ಡಬ್ಬಿಗಳು. ತಂಗಿ ಮನೆಯಲ್ಲೇ ಕೂತು ಫೋನಿನಲ್ಲಿ ಚಪ್ಪಲಿ ಮಾರಲು ಶುರುಮಾಡಿದಾಗ, "ಕಾಲು ನೋಡದೆ ಯಾರಾದ್ರೂ ಚಪ್ಪಲಿ ಮಾರ್ತಾರಾ?" ಎಂದು ಅಕ್ಕ ನಕ್ಕಿದ್ದಳು. ತಂಗಿಯ ವ್ಯಾಪಾರ ಏರಿದಂತೆಲ್ಲ ಅಕ್ಕನ ನಗು ಇಳಿಯಿತು. ಈಗ ತಂಗಿ ಎದುರಿಗೇ ಅಂಗಡಿ ತೆರೆದಿದ್ದಳು. ಅಲ್ಲಿದ್ದದ್ದು ಎಲ್ಲ ಒಂದೊಂದೇ ಕಾಲಿನ ಚಪ್ಪಲಿ. ಹಾಕಿ ನೋಡಿ ಫೋನಿನಲ್ಲಿ ಒತ್ತಿದರೆ ಜೋಡಿ ಮನೆಗೆ ಬರುತ್ತಿತ್ತು. ಅಕ್ಕ ಅದಕ್ಕೆ 'ಒಂಟಿ ಕಾಲಿನ ಅಂಗಡಿ' ಎಂದು ಅಡ್ಡಹೆಸರಿಟ್ಟಳು. ಜನ ಆ ಹೆಸರು ಹೇಳಿ ನಗುತ್ತಲೇ ಅಲ್ಲಿಗೆ ಹೋದರು.

ಸ್ವಲ್ಪ ಹೊತ್ತಿಗೆ ತಂಗಿ ಆ ಹೆಂಗಸಿನ ಕೈಹಿಡಿದು ರಸ್ತೆ ದಾಟಿಸಿಕೊಂಡು ಬಂದಳು.

"ಅಕ್ಕ, ಇವರಿಗೆ ಇಂಟರ್‌ವ್ಯೂ ಇದೆಯಂತೆ, ಈಗಲೇ ಹೋಗ್ಬೇಕು. ನನ್ನ ಹತ್ರ ತಗೊಂಡ್ರೆ ನಾಳೆ ಬರೋದು. ಇವರ ಸೈಜು ಆರು. ನಿನ್ನ ಹತ್ರ ಇರುತ್ತಲ್ಲ."

ಇಂಥ ಗಳಿಗೆಗಾಗಿಯೇ ಅಕ್ಕ ಕಾದಿದ್ದಳು. ಆದರೆ ಗಿರಾಕಿಯನ್ನು ಕರೆತಂದವಳು ತಂಗಿ ಎಂಬುದು ಮುಳ್ಳಿನಂತೆ ಚುಚ್ಚಿತು. ತಂಗಿ ತಾನು ಉಂಡು ಮಿಕ್ಕಿದ್ದನ್ನು ಅಕ್ಕನ ತಟ್ಟೆಗೆ ಬಡಿಸಿದ ಹಾಗೆ. ಆರರ ಕಪ್ಪು ಜೋಡಿ ಅಕ್ಕನ ಭುಜದ ಹಿಂದಿನ ಡಬ್ಬಿಯಲ್ಲೇ ಇತ್ತು.

"ಆರು ಖಾಲಿ," ಎಂದಳು.

"ಯಾವ ಬಣ್ಣ ಆದ್ರೂ ಪರವಾಗಿಲ್ಲ," ಹೆಂಗಸು ಅಂಗಲಾಚಿದಳು.

"ಇಲ್ಲಮ್ಮ. ಇದ್ರೆ ಕೊಡದೆ ಇರ್ತೀನಾ?"

ತಂಗಿಯ ಕಣ್ಣು ಅಕ್ಕನ ಭುಜ ದಾಟಿ, ಡಬ್ಬಿಯ ಮೇಲೆ ದಪ್ಪಗೆ ಬರೆದಿದ್ದ ಆರರ ಮೇಲೆ ನಿಂತಿತು. ಅವಳು ತನ್ನ ಕಾಲಿನ ಚಪ್ಪಲಿ ಕಳಚಿ, ಬಗ್ಗಿ, ಹೆಂಗಸಿನ ಮುಂದೆ ಜೋಡಿಸಿಟ್ಟಳು.

"ನಂದೂ ಆರೇ. ಹಾಕ್ಕೊಂಡು ಹೋಗಿ. ಬರ್ತಾ ಕೊಟ್ರಾಯ್ತು."

ಹೆಂಗಸು ಅವನ್ನು ಮೆಟ್ಟಿಕೊಂಡು, ತಂಗಿಯ ಎರಡೂ ಕೈ ಅದುಮಿ, ಬಿರಬಿರನೆ ನಡೆದಳು. ಅಕ್ಕನತ್ತ ನೋಡಲೂ ಇಲ್ಲ.

ಮೆಟ್ಟಿಲಿಳಿಯುತ್ತಾ ತಂಗಿ ಮೆಲ್ಲಗೆ, "ನಿನ್ನ ಹಿಂದಿನ ಡಬ್ಬಿ ಬೀಳೋ ಹಾಗಿದೆ ಅಕ್ಕ, ಒಳಗೆ ತಳ್ಳು," ಎಂದಳು. ಡಬ್ಬಿ ಅಲುಗಾಡದೆ ಕೂತಿತ್ತು. ಅಕ್ಕ ಆದರೂ ಕೈಯೆತ್ತಿ ತಳ್ಳಿದಳು. ಕಿವಿಯೆಲ್ಲ ಬಿಸಿಯಾಗಿತ್ತು.

ಹೊರಗೆ ಮಧ್ಯಾಹ್ನದ ಡಾಂಬರು ಕೆಂಡದಂತಿತ್ತು. ತಂಗಿ ತುದಿಗಾಲಲ್ಲಿ ಕುಪ್ಪಳಿಸುತ್ತಾ ರಸ್ತೆ ದಾಟತೊಡಗಿದಳು. "ನಿಲ್ಲೇ, ಕಾಲು ಸುಡುತ್ತೆ" ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ದಾರಿಹೋಕರಿಬ್ಬರು ತಂಗಿಯ ಕುಣಿತ ಕಂಡು ನಕ್ಕರು, ತಂಗಿಯೂ ನಕ್ಕಳು. ಬರಿಗಾಲಲ್ಲೂ ಇವಳೇ ಚೆಂದ ಕಾಣ್ತಾಳಲ್ಲ ಅಂದುಕೊಂಡು ಅಕ್ಕ ಆ ಮಾತನ್ನು ನುಂಗಿಕೊಂಡಳು.